ಜೀವ ಉಳಿಸಿಕೊಳ್ಳಲು ಇನ್ನೊಬ್ಬರ ಜೀವ ಹೋದರೆ: ಕಾನೂನು ಎಲ್ಲಿಯವರೆಗೆ ನಿಮ್ಮ ಜೊತೆಗಿರುತ್ತದೆ?

ಗ್ರಾಮ ಪಂಚಾಯತ್‌ಗಳಲ್ಲಿ ಕಾನೂನು ಮಾಹಿತಿ ಕೊಡಲು ಹೋದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ರಾತ್ರಿ ಕಳ್ಳ ನುಗ್ಗಿದರೆ ಕಡಿದು ಹಾಕಬಹುದಾ?" ಕೇಳುವವರು ಹೆಚ್ಚಾಗಿ ವಯಸ್ಸಾದವರು. ಮಕ್ಕಳು ಬೆಂಗಳೂರು, ಮುಂಬೈ, ದುಬೈ ಸೇರಿದ್ದಾರೆ. ಹೆಬ್ರಿ, ಕಾರ್ಕಳ, ಬೈಂದೂರು ಕಡೆ ತೋಟದ ನಡುವೆ ಒಂಟಿ ಮನೆ. ಪಕ್ಕದ ಮನೆಗೆ ಕೂಗಿದರೂ ಕೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ಫೋನಿಗೆ ನೆಟ್‌ವರ್ಕೂ ಇಲ್ಲ. ಅವರ ಹೆದರಿಕೆ ಸುಳ್ಳಲ್ಲ.

ನಾನು ಉಡುಪಿ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ನನ್ನ ಉತ್ತರ ಹೀಗಿರುತ್ತದೆ: ಕೆಲವು ಸಂದರ್ಭಗಳಲ್ಲಿ ಹೌದು, ಎದುರಾಳಿಯ ಪ್ರಾಣ ಹೋದರೂ ಅದು ಅಪರಾಧ ಆಗುವುದಿಲ್ಲ. ಆದರೆ ಆ ಹಕ್ಕು ಯಾವಾಗ ಶುರುವಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಯಾವಾಗ ಮುಗಿಯುತ್ತದೆ ಅಂತ ಮೊದಲೇ ಗೊತ್ತಿರಬೇಕು. ಜೈಲಿನಲ್ಲಿ ನಾನು ಭೇಟಿಯಾದ ಎಷ್ಟೋ ಜನ ಮೊದಲು ಪೆಟ್ಟು ತಿಂದವರೇ. ಅವರ ಮೊದಲ ಏಟು ತಪ್ಪಾಗಿರಲಿಲ್ಲ. ಅಪಾಯ ಕಳೆದ ಮೇಲೂ ಕೈ ನಿಲ್ಲಲಿಲ್ಲ, ಅದಕ್ಕೆ ಒಳಗಿದ್ದಾರೆ. ಹಾಗಾಗಿ ಇದನ್ನು ತಲೆ ತಣ್ಣಗಿರುವಾಗಲೇ ಓದಿ, ಮನೆಯವರಿಗೂ ಓದಿ ಹೇಳಿ.

ಈಗಿನ ಕಾನೂನು ಯಾವುದು?

1860ರ ಇಂಡಿಯನ್ ಪೀನಲ್ ಕೋಡ್ ಈಗ ಇಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯದರಲ್ಲಿ 96ರಿಂದ 106ರವರೆಗೆ ಇದ್ದ ಸ್ವರಕ್ಷಣೆಯ ಸೆಕ್ಷನ್‌ಗಳು ಹೊಸದರಲ್ಲಿ 34ರಿಂದ 44ರವರೆಗೆ ಇವೆ. ನಂಬರ್ ಬದಲಾಗಿದೆ, ಒಳಗಿನ ವಿಷಯ ಹೆಚ್ಚೇನೂ ಬದಲಾಗಿಲ್ಲ. ಅದಕ್ಕೇ ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳನ್ನು ನಾವು ಈಗಲೂ ಕೋರ್ಟಿನಲ್ಲಿ ಓದುತ್ತೇವೆ.

ಈ ಹಕ್ಕು ನಿಮ್ಮ ಮೈಗೆ ಮಾತ್ರ ಅಲ್ಲ. ಹೆಂಡತಿ, ಮಗು, ಪಕ್ಕದ ಮನೆಯವರು, ದಾರಿಯಲ್ಲಿ ಸಿಕ್ಕ ಗುರುತೇ ಇಲ್ಲದ ಮನುಷ್ಯ, ಯಾರನ್ನು ಉಳಿಸಲೂ ಬಳಸಬಹುದು. ರಾತ್ರಿ ಯಕ್ಷಗಾನ ಆಟ ನೋಡಿ ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ಯಾರೋ ಒಬ್ಬಳನ್ನು ಎಳೆದು ಕಾರಿಗೆ ಹಾಕುತ್ತಿದ್ದರೆ ತಡೆಯಲು ನಿಮಗೆ ಪೂರ್ತಿ ಹಕ್ಕಿದೆ. "ನಮಗ್ಯಾಕೆ, ಆಮೇಲೆ ಕೇಸು" ಅಂತ ಹಿಂದೆ ಸರಿಯುವವರಿಗೆ ಈ ಮಾತು ಗೊತ್ತಿರಲಿ.

ಮೈಮೇಲೆ ಬಂದಾಗ

ಎದುರಾಳಿಯ ಪ್ರಾಣ ಹೋಗುವಷ್ಟು ಬಲ ಬಳಸಬಹುದಾದ ಸಂದರ್ಭಗಳು 38ನೇ ಸೆಕ್ಷನ್‌ನಲ್ಲಿವೆ. ಒಟ್ಟು ಏಳು. ಅವನು ನನ್ನನ್ನು ಕೊಲ್ಲುತ್ತಾನೆ ಎಂಬ ಭಯ. ಗಂಭೀರ ಗಾಯ ಮಾಡುತ್ತಾನೆ ಎಂಬ ಭಯ. ಅತ್ಯಾಚಾರಕ್ಕೆ ಬಂದಿರುವುದು. ಅಸಹಜ ಲೈಂಗಿಕ ದಾಳಿ. ಅಪಹರಣ. ಕೂಡಿಹಾಕುವುದು, ಅದೂ ಪೊಲೀಸರ ಸಹಾಯ ಪಡೆದು ಬಿಡಿಸಿಕೊಳ್ಳಲು ದಾರಿಯೇ ಇಲ್ಲ ಅನ್ನಿಸುವ ಹಾಗೆ ಕೂಡಿಹಾಕುವುದು. ಕೊನೆಯದು ಆಸಿಡ್ ಎರಚುವುದು ಅಥವಾ ಕುಡಿಸುವುದು. ಈ ಕೊನೆಯದನ್ನು 2013ರಲ್ಲಿ ಸೇರಿಸಿದರು. 2024ರ ಮಾರ್ಚ್‌ನಲ್ಲಿ ಕಡಬದ ಕಾಲೇಜಿನಲ್ಲಿ ಹುಡುಗಿಯರ ಮೇಲೆ ಆಸಿಡ್ ಎರಚಿದಾಗ ನಮ್ಮ ಕರಾವಳಿಯವರಿಗೆಲ್ಲ ಇದರ ಬಿಸಿ ತಟ್ಟಿತು. ಕೈಯಲ್ಲಿ ಬಾಟಲಿ ಹಿಡಿದು ಎರಚಲು ಬರುವವನನ್ನು ಸಿಕ್ಕಿದ್ದರಲ್ಲಿ ಹೊಡೆದು ಬೀಳಿಸಿದರೆ, ಅದರಿಂದ ಅವನು ಸತ್ತರೂ ಕಾನೂನು ನಿಮ್ಮ ಕಡೆಗಿದೆ.

'ಗಂಭೀರ ಗಾಯ' ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳಿ, ಏಕೆಂದರೆ ಹೆಚ್ಚಿನ ಕೇಸುಗಳು ನಿಲ್ಲುವುದು ಇದರ ಮೇಲೆ. ಮೂಳೆ ಅಥವಾ ಹಲ್ಲು ಮುರಿಯುವುದು, ಕಣ್ಣು ಅಥವಾ ಕಿವಿ ಶಾಶ್ವತವಾಗಿ ಹೋಗುವುದು, ಕೈಕಾಲು ಬೆರಳು ಕಳೆದುಕೊಳ್ಳುವುದು, ಮುಖ ಶಾಶ್ವತವಾಗಿ ವಿಕಾರವಾಗುವುದು, ಜೀವಕ್ಕೇ ಅಪಾಯ ತರುವ ಗಾಯ, 15 ದಿನ ತೀವ್ರ ನೋವಿನಲ್ಲಿ ನರಳುವಂಥ ಗಾಯ, ಇವೆಲ್ಲ ಅದರಲ್ಲಿ ಬರುತ್ತವೆ. ಹಳೆಯ ಕಾನೂನಿನಲ್ಲಿ ಇದು 20 ದಿನ ಇತ್ತು. ಕೆನ್ನೆಗೆ ಒಂದು ಬಾರಿಸಿದ, ಕಾಲರ್ ಹಿಡಿದ, ಅವ್ವ ಅಪ್ಪ ಅಂತ ಬೈದ, ಇವು ಬರುವುದಿಲ್ಲ. ಅಲ್ಲೂ ನೀವು ತಳ್ಳಬಹುದು, ತಡೆಯಬಹುದು, ತಿರುಗಿ ಒಂದು ಕೊಡಬಹುದು. ಪ್ರಾಣ ತೆಗೆಯುವಂತಿಲ್ಲ.

ಮೊದಲ ಏಟು ತಿನ್ನುವವರೆಗೆ ಕಾಯಬೇಕಾ? ಬೇಡ. ಪ್ರಯತ್ನದಿಂದಲೋ ಬೆದರಿಕೆಯಿಂದಲೋ ನಿಜವಾದ ಭಯ ಹುಟ್ಟಿದ ಕ್ಷಣಕ್ಕೆ ಹಕ್ಕು ಶುರು. ಕತ್ತಿ ಎತ್ತಿದವನು ಬೀಸಲಿ ನೋಡೋಣ ಅಂತ ಯಾವ ಕೋರ್ಟೂ ಹೇಳುವುದಿಲ್ಲ. ಆದರೆ ಆ ಭಯ ನಿಮ್ಮ ಜಾಗದಲ್ಲಿದ್ದ ಯಾವ ಸಾಮಾನ್ಯ ಮನುಷ್ಯನಿಗೂ ಬರುವಂಥದ್ದಾಗಿರಬೇಕು. ರಾತ್ರಿಯಾ ಹಗಲಾ, ಅವರು ಎಷ್ಟು ಜನ, ನಿಮ್ಮ ವಯಸ್ಸೆಷ್ಟು, ಅವನ ಕೈಯಲ್ಲಿ ಏನಿತ್ತು, ಹಿಂದೆ ಏನು ಬೆದರಿಕೆ ಹಾಕಿದ್ದ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. "ಅವನ ಮುಖ ನೋಡಿದರೇ ಗೊತ್ತಾಗ್ತದೆ" ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಎರಡು ತೀರ್ಪು ಹೇಳುತ್ತೇನೆ. ದೇವ್ ನಾರಾಯಣ್ ಎಂಬುವರ ಕೇಸು ಉತ್ತರ ಪ್ರದೇಶದ್ದು, 1970ರ ದಶಕದ ತೀರ್ಪು. ಜಾಗದ ಗಲಾಟೆಯಲ್ಲಿ ಎದುರಿನವರು ಅವರ ತಲೆಗೆ ಲಾಠಿ ಬೀಸಿದರು. ಅವರು ಭರ್ಜಿಯಿಂದ ತಿವಿದರು, ಒಬ್ಬ ಸತ್ತ. ಲಾಠಿಗೆ ಭರ್ಜಿ ಅಂದರೆ ಜಾಸ್ತಿಯಾಯಿತು ಅಂತ ಹೈಕೋರ್ಟ್ ಶಿಕ್ಷೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಲೆಗೆ ಬಿದ್ದ ಲಾಠಿ ಏಟಿಗೂ ಪ್ರಾಣ ಹೋಗಬಹುದು, ಆ ಹೊತ್ತಿನಲ್ಲಿ ಮನುಷ್ಯ ಆಯುಧ ಅಳೆದು ನೋಡುತ್ತಾ ಕೂರುವುದಿಲ್ಲ ಎಂದು ಬಿಡುಗಡೆ ಮಾಡಿತು.

ಇನ್ನೊಂದು 1952ರ ಅಮ್ಜದ್ ಖಾನ್ ಕೇಸು. 1950ರಲ್ಲಿ ಕಟ್ನಿಯಲ್ಲಿ ಗಲಭೆ ಆಗಿತ್ತು. ಗುಂಪು ಅದೇ ಕಟ್ಟಡದ ಇನ್ನೊಂದು ಭಾಗ ಲೂಟಿ ಮಾಡಿ, ಅಮ್ಜದ್ ಖಾನ್ ಅವರ ಬಾಗಿಲಿಗೆ ಲಾಠಿಯಿಂದ ಬಡಿಯುತ್ತಿತ್ತು. ಒಳಗೆ ಮನೆಯವರು ಇದ್ದರು. ಅವರು ಗುಂಡು ಹಾರಿಸಿದರು, ಒಬ್ಬ ಸತ್ತ. ಕೆಳಗಿನ ಕೋರ್ಟುಗಳು ಶಿಕ್ಷೆ ಕೊಟ್ಟಿದ್ದವು, ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಬಾಗಿಲು ಮುರಿದು ಒಳಗೆ ಬರುವವರೆಗೆ ಅವರು ಕಾಯಬೇಕಿರಲಿಲ್ಲ ಎಂಬುದು ತೀರ್ಪಿನ ತಿರುಳು. ಇಂಥ ಗುಂಪಿನ ದಾಳಿಯಲ್ಲಿ ತಪ್ಪು ಮಾಡದವರಿಗೂ ಏಟು ಬೀಳುವ ಅಪಾಯ ಇದ್ದೇ ಇರುತ್ತದೆ. ಜೀವ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದಿದ್ದರೆ ಆ ಅಪಾಯ ತೆಗೆದುಕೊಳ್ಳಲೂ 44ನೇ ಸೆಕ್ಷನ್ ಬಿಡುತ್ತದೆ.

ಮನೆ, ಅಡಿಕೆ, ದೋಣಿ

ಆಸ್ತಿಯ ವಿಷಯದಲ್ಲಿ ಕಾನೂನು ತುಂಬಾ ಬಿಗಿ. 41ನೇ ಸೆಕ್ಷನ್ ಪ್ರಕಾರ ಸುಲಿಗೆ, ಸೂರ್ಯ ಮುಳುಗಿ ಹುಟ್ಟುವುದರ ಒಳಗೆ ಮನೆಗೆ ಕನ್ನ, ಜನ ವಾಸವಿರುವ ಅಥವಾ ಸಾಮಾನು ಇಟ್ಟಿರುವ ಕಟ್ಟಡಕ್ಕೆ ಬೆಂಕಿ ಅಥವಾ ಸ್ಫೋಟಕ, ಈ ಮೂರರಲ್ಲಿ ಪ್ರಾಣ ಹೋಗುವ ಮಟ್ಟಿನ ಬಲಕ್ಕೆ ಅವಕಾಶ ಇದೆ. ಆ ಕಟ್ಟಡ ಎನ್ನುವುದರ ಜೊತೆ ಹಡಗು ದೋಣಿಯನ್ನೂ ಸೇರಿಸಿದ್ದಾರೆ. ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಮಲಗಿರುವ ಬೋಟಿಗೆ ಯಾರಾದರೂ ಬೆಂಕಿ ಹಚ್ಚಲು ಬಂದರೆ ಅದೂ ಇದರಲ್ಲೇ ಬರುತ್ತದೆ.

ಕನ್ನ ಅಂದರೆ ಗೋಡೆ ಕೊರೆಯುವುದು ಮಾತ್ರ ಅಂದುಕೊಳ್ಳಬೇಡಿ. ಹಂಚು ತೆಗೆದು ಇಳಿಯುವುದು, ಬೀಗ ಮುರಿಯುವುದು, ಮನೆಯವರ ಮೇಲೆ ಹಲ್ಲೆ ಮಾಡಿ ನುಗ್ಗುವುದು ಎಲ್ಲ ಕನ್ನವೇ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಕಳ್ಳರಿಗೆ ಹಂಚೇ ಸುಲಭದ ದಾರಿ.

ಹಾಗಾದರೆ ಅಂಗಳದಲ್ಲಿ ಒಣ ಹಾಕಿದ ಅಡಿಕೆ ಮೂಟೆ ಕಟ್ಟಿಕೊಂಡು ಹೋಗುವವನು? ತೋಟದಿಂದ ತೆಂಗಿನಕಾಯಿ ಕೀಳುವವನು? ಅದು ಬರೀ ಕಳವು. ಕೂಗಿ, ಓಡಿಸಿ, ಹಿಡಿಯಿರಿ, ಮೂಟೆ ಕಸಿದುಕೊಳ್ಳಿ. ಅದಕ್ಕೆ ಬೇಕಾದಷ್ಟು ಬಲ ಬಳಸಬಹುದು. ಆದರೆ ಕೋವಿ ಹೊಡೆಯುವಂತಿಲ್ಲ. ವರ್ಷದ ದುಡಿಮೆ ಹೊತ್ತುಕೊಂಡು ಹೋಗುವುದನ್ನು ನೋಡುವ ಸಂಕಟ ನನಗೆ ಅರ್ಥವಾಗುತ್ತದೆ, ನಮ್ಮದೂ ಅಡಿಕೆ ಮನೆಯೇ. ಆದರೂ ಅಡಿಕೆಗೆ ಒಂದು ಜೀವ ಅಂತ ಕಾನೂನು ಒಪ್ಪುವುದಿಲ್ಲ, ಒಪ್ಪಲೂಬಾರದು. ಅವನು ಕತ್ತಿ ತೆಗೆದು ನಿಮ್ಮ ಮೇಲೆ ಬಂದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಅದು ಆಸ್ತಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಹಗಲಲ್ಲಿ ಮನೆಗೆ ನುಗ್ಗಿದವನ ಬಗ್ಗೆಯೂ ಹಾಗೆಯೇ. ಕೊಲ್ಲುತ್ತಾನೆ ಅಥವಾ ಗಂಭೀರ ಗಾಯ ಮಾಡುತ್ತಾನೆ ಎಂಬ ಭಯಕ್ಕೆ ಕಾರಣ ಇರಬೇಕು.

ನಮ್ಮಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಕೋವಿಗಳು ಬಹಳ. ಜೀವಕ್ಕೆ ಬಂದಾಗ ಅದೇ ಕೋವಿ ಹಿಡಿದರೆ ಅದೊಂದೇ ಕಾರಣಕ್ಕೆ ಸ್ವರಕ್ಷಣೆಯ ಹಕ್ಕು ಹೋಗುವುದಿಲ್ಲ. ಲೈಸೆನ್ಸ್ ಇಲ್ಲದ ಕೋವಿಯಾದರೆ 1959ರ ಆಯುಧ ಕಾಯ್ದೆಯಲ್ಲಿ ಬೇರೆ ಕೇಸು ಬೀಳುತ್ತದೆ.

ಒಂದು ವಿಷಯ ಕೈಮುಗಿದು ಹೇಳುತ್ತೇನೆ. ಹಂದಿಗೆ ಅಂತ, ಕಳ್ಳರಿಗೆ ಅಂತ ಬೇಲಿಗೆ ಕರೆಂಟು ಕೊಡಬೇಡಿ. ತಂತಿಗೆ ಕಳ್ಳನೂ ಗೊತ್ತಿಲ್ಲ, ಹುಲ್ಲು ಕೊಯ್ಯಲು ಬಂದ ಪಕ್ಕದ ಮನೆಯ ಅಕ್ಕನೂ ಗೊತ್ತಿಲ್ಲ. 1960ರ ದಶಕದಲ್ಲಿ ಬಿಹಾರದ ಚೆರುಬಿನ್ ಗ್ರೆಗರಿ ಎಂಬುವರ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ನೆರೆಯವರು ತನ್ನ ಪಾಯಿಖಾನೆ ಬಳಸುತ್ತಾರೆ ಅಂತ ಅವರು ಅಲ್ಲಿಗೆ ಕರೆಂಟು ತಂತಿ ಎಳೆದಿದ್ದರು. ಒಬ್ಬ ಹೆಂಗಸು ಶಾಕ್ ಹೊಡೆದು ಸತ್ತಳು. ನನ್ನ ಜಾಗ, ನನ್ನ ರಕ್ಷಣೆ ಎಂಬ ವಾದ ನಡೆಯಲಿಲ್ಲ, ಶಿಕ್ಷೆಯಾಯಿತು. ಈಗ ನಿರ್ಲಕ್ಷ್ಯದಿಂದ ಸಾವು ಅಂತಾದರೂ ಐದು ವರ್ಷದವರೆಗೆ ಜೈಲಿದೆ.

ಕುಮ್ಕಿ ಜಾಗ, ಗಡಿ ತಕರಾರು

ನನ್ನ ಅನುಭವದಲ್ಲಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಕಳ್ಳರಿಗಿಂತ ಜಾಸ್ತಿ ರಕ್ತ ಹರಿಸುವುದು ಜಾಗದ ಜಗಳ. ಕುಮ್ಕಿ (ಪಟ್ಟಾ ಜಾಗಕ್ಕೆ ತಾಗಿದ ಸರಕಾರಿ ಜಾಗ) ಯಾರದ್ದು, ತೋಡಿನ ನೀರು ಯಾರ ಕಡೆ ಹೋಗಬೇಕು, ಬೇಲಿ ಎರಡು ಅಡಿ ಈಚೆ ಬಂತಾ ಆಚೆ ಹೋಯಿತಾ. ಜಗಳ ಆಡುವವರು ಹೆಚ್ಚಾಗಿ ಅಣ್ಣತಮ್ಮಂದಿರೇ.

ಇಲ್ಲಿ ಕೋರ್ಟ್ ಮೊದಲು ನೋಡುವುದು ಸ್ವಾಧೀನ. ಪಟ್ಟೆ ಯಾರ ಹೆಸರಿನಲ್ಲಿದೆ ಅನ್ನುವುದಕ್ಕಿಂತ ಜಾಗದಲ್ಲಿ ಶಾಂತವಾಗಿ ನೆಲೆ ಊರಿದವರು ಯಾರು ಎಂಬುದು ಮುಖ್ಯ. ನಿಮ್ಮ ಸ್ವಾಧೀನದ ಜಾಗಕ್ಕೆ ಇವತ್ತು ಬೆಳಿಗ್ಗೆ ಒಬ್ಬ ನುಗ್ಗಿ ಬೇಲಿ ಕೀಳುತ್ತಿದ್ದರೆ ತಡೆದು ಹೊರಗೆ ಹಾಕಬಹುದು. ಆದರೆ ನಿಮಗೆ ಗೊತ್ತಿದ್ದೂ ಅವನು ಬಹಳ ಕಾಲದಿಂದ ಅಲ್ಲಿ ಗಿಡ ನೆಟ್ಟು ಬೆಳೆ ತೆಗೆಯುತ್ತಿದ್ದರೆ, ಜಾಗ ನಿಮ್ಮದೇ ಆಗಿದ್ದರೂ ಕೈಯಿಂದ ಎಬ್ಬಿಸುವಂತಿಲ್ಲ. ತಹಶೀಲ್ದಾರರ ಹತ್ತಿರವೋ ಸಿವಿಲ್ ಕೋರ್ಟಿಗೋ ಹೋಗಬೇಕು. 1975ರ ಪೂರಣ್ ಸಿಂಗ್ ತೀರ್ಪು ಇದನ್ನು ಬಿಡಿಸಿ ಹೇಳುತ್ತದೆ. ಹೇಗಿದ್ದರೂ ಬರೀ ಅತಿಕ್ರಮ ಪ್ರವೇಶಕ್ಕೆ ಪ್ರಾಣ ತೆಗೆಯುವ ಹಕ್ಕಿಲ್ಲ.

ನಾನು ನಡೆಸಿದ ಒಂದು ಕೇಸು ಇದೇ ಥರದ್ದು. ಯಾರು, ಯಾವ ಊರು ಅಂತ ಹೇಳುವುದಿಲ್ಲ. ದೊಡ್ಡಪ್ಪನ ಮಗ ಪಿಕ್ಕಾಸು ಹಿಡಿದು ಬಂದು ನನ್ನ ಕಕ್ಷಿದಾರನ ಭುಜಕ್ಕೆ ಹೊಡೆದ. ಇವನು ಅದನ್ನು ಕಸಿದುಕೊಂಡು ತಿರುಗಿ ಹೊಡೆದ. ಆ ಏಟಿಗೆ ಅವನು ಬಿದ್ದ. ಅಲ್ಲಿಗೆ ನಿಂತಿದ್ದರೆ ನಾನು ಎದೆ ತಟ್ಟಿ ವಾದ ಮಾಡಬಹುದಿತ್ತು. ಆದರೆ ಬಿದ್ದವನ ತಲೆಗೆ ಮತ್ತೆ ಎರಡು ಏಟು ಬಿತ್ತು. ಶವಪರೀಕ್ಷೆಯ ವರದಿಯಲ್ಲಿ ಮೊದಲ ಗಾಯ ಎದುರಿನಿಂದ, ಉಳಿದೆರಡು ನೆಲಕ್ಕೆ ಒರಗಿದ್ದಾಗ ಬಿದ್ದವು ಅಂತ ಸ್ಪಷ್ಟವಾಗಿ ಬಂತು. ಮೊದಲು ಹೊಡೆಸಿಕೊಂಡವನು ಇವನೇ ಎಂಬುದನ್ನು ಕೋರ್ಟ್ ಒಪ್ಪಿತು, ಅದರಿಂದ ಕೊಲೆ ಎಂಬ ಆರೋಪ ಬಿತ್ತು. ಆದರೂ ಕೊಲೆಯಲ್ಲದ ನರಹತ್ಯೆಗೆ ಶಿಕ್ಷೆ ತಪ್ಪಲಿಲ್ಲ. "ಅಕ್ಕಾ, ಆಗ ನನಗೆ ಗೊತ್ತೇ ಆಗಲಿಲ್ಲ" ಅಂತ ಅವನು ಈಗಲೂ ಹೇಳುತ್ತಾನೆ. ನಾನು ನಂಬುತ್ತೇನೆ. ಕೋರ್ಟಿಗೆ ಅಷ್ಟು ಸಾಲದು.

ಹಕ್ಕು ಮುಗಿಯುವ ಕ್ಷಣ

ಎದುರಾಳಿ ಬಿದ್ದ. ಆಯುಧ ಕೈತಪ್ಪಿತು. ತಿರುಗಿ ಓಡಿದ. ನಾಲ್ಕು ಜನ ಸೇರಿ ಹಿಡಿದುಕೊಂಡರು. ಕೈ ಕಟ್ಟಿ ಹಾಕಿದರು. ಪೊಲೀಸರು ಬಂದರು. ಇದರಲ್ಲಿ ಯಾವುದಾದರೂ ಒಂದಾಗಿ ಅಪಾಯ ಹೋಯಿತು ಅಂದರೆ ಹಕ್ಕೂ ಹೋಯಿತು. ಅಲ್ಲಿಂದ ಮುಂದಿನ ಪ್ರತಿ ಏಟೂ ನಿಮ್ಮ ಮೇಲಿನ ಕೇಸು.

ಓಡುವವನ ಬೆನ್ನಿಗೆ ಹೊಡೆಯುವುದು ಎಲ್ಲಕ್ಕಿಂತ ಅಪಾಯ. 1960ರ ದಶಕದ ಆರಂಭದ ಜೈದೇವ್ ಕೇಸಿನಲ್ಲಿ ಇದೇ ಆಯಿತು. ಹೊಲಕ್ಕೆ ಬಂದವರು ಓಡತೊಡಗಿದ ಮೇಲೆ ಜೈದೇವ್ ಕಡೆಯವರು ದೂರದಲ್ಲಿದ್ದವರಿಗೆ ಗುಂಡು ಹೊಡೆದರು. ಮೊದಲು ಹಕ್ಕು ಇತ್ತು, ಅವರು ಓಡಿದಾಗ ಅದು ಮುಗಿಯಿತು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ, ಅಪಾಯ ಎದುರಿಗಿರುವಾಗ ಮನುಷ್ಯ ಬಳಸಿದ ಬಲವನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಅಂತಲೂ ಇದೆ. ಎರಡನ್ನೂ ಒಟ್ಟಿಗೆ ನೆನಪಿಡಿ. ಅಪಾಯ ಇರುವವರೆಗೆ ಕೋರ್ಟ್ ನಿಮ್ಮ ಬಗ್ಗೆ ಉದಾರ, ಅಪಾಯ ಹೋದ ಮೇಲೆ ಇಲ್ಲ.

ಕಳ್ಳನನ್ನು ಹಿಡಿದು ತೆಂಗಿನ ಮರಕ್ಕೆ ಕಟ್ಟಿ ಊರವರೆಲ್ಲ ಹೊಡೆಯುವುದು ಸ್ವರಕ್ಷಣೆ ಅಲ್ಲವೇ ಅಲ್ಲ. ಅಂಥ ಹೊಡೆತಕ್ಕೆ ಸತ್ತರೆ ಹೊಡೆದವರೆಲ್ಲ ಆರೋಪಿಗಳು. ನಿಮ್ಮ ಕಣ್ಣೆದುರಿಗೇ ದೊಡ್ಡ ಅಪರಾಧ ಮಾಡಿದವನನ್ನು ಹಿಡಿದಿಡುವ ಅಧಿಕಾರ ಸಾಮಾನ್ಯ ನಾಗರಿಕರಿಗೂ ಇದೆ. ಹೊಸ ಕಾನೂನಿನ ಪ್ರಕಾರ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯ ಒಳಗೆ, ಪೊಲೀಸರಿಗೆ ಒಪ್ಪಿಸಬೇಕು.

ಹಕ್ಕು ಶುರುವಾಗದ ಸಂದರ್ಭಗಳೂ ಇವೆ. ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಸ್ವರಕ್ಷಣೆಯ ಹಕ್ಕಿಲ್ಲ. "ನಾಳೆ ಸಂಜೆ ನಿನ್ನ ಕಥೆ ಮುಗಿಸ್ತೇನೆ" ಅಂದವನನ್ನು ಇವತ್ತೇ ಹೋಗಿ ಮುಗಿಸುವಂತಿಲ್ಲ, ಠಾಣೆಗೆ ಹೋಗಿ. ನೀವೇ ಕೆಣಕಿ ಜಗಳ ತೆಗೆದರೆ ಆಮೇಲೆ ಸ್ವರಕ್ಷಣೆ ಅನ್ನಲಾಗದು. ಬಾರ್ ಎದುರು ಎರಡೂ ಕಡೆಯವರು ಹೊಡೆದಾಡಲೆಂದೇ ಸೇರಿದರೆ ಇಬ್ಬರಿಗೂ ಹಕ್ಕಿಲ್ಲ. ಕರ್ತವ್ಯದ ಮೇಲೆ ಬಂದ ಪೊಲೀಸ್, ಅರಣ್ಯ ಇಲಾಖೆಯವರ ವಿರುದ್ಧವೂ ಇಲ್ಲ, ಅವರಿಂದ ಸಾವು ಅಥವಾ ಗಂಭೀರ ಗಾಯದ ನಿಜವಾದ ಭಯ ಇದ್ದರೆ ಮಾತ್ರ ಬೇರೆ ಮಾತು.

ಪೆಪ್ಪರ್ ಸ್ಪ್ರೇ ಬಗ್ಗೆ ಮಣಿಪಾಲದ ಹುಡುಗಿಯರು ಕೇಳುತ್ತಾರೆ. ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಮೈಮೇಲೆ ಬಂದವನಿಗೆ ಹೊಡೆಯಿರಿ. ಆದರೆ ಮಾತಿನ ಜಗಳಕ್ಕೆ ಅದನ್ನು ತೆಗೆಯಬೇಡಿ. 2024ರಲ್ಲಿ ಬೆಂಗಳೂರಿನ ಒಂದು ಜಗಳದಲ್ಲಿ ಪೆಪ್ಪರ್ ಸ್ಪ್ರೇ ಬಳಸಿದವರು ಕೇಸು ರದ್ದು ಮಾಡಿ ಅಂತ ಕೇಳಿದಾಗ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಜೀವಕ್ಕೆ ಅಪಾಯ ಇರಲಿಲ್ಲ ಎಂಬುದೇ ಕಾರಣ.

ಅಪಾಯ ಮನೆಯೊಳಗೇ ಇದ್ದರೆ

ಇದನ್ನು ಹೆಂಗಸರು ಶಿಬಿರದಲ್ಲಿ ಕೇಳುವುದಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಮೆಲ್ಲ ಹತ್ತಿರ ಬಂದು ಕೇಳುತ್ತಾರೆ. ಕುಡಿದು ಬಂದ ಗಂಡ ಕತ್ತು ಹಿಸುಕಿದರೆ, ಮಗ ಕತ್ತಿ ಹಿಡಿದು ತಾಯಿಯ ಮೇಲೆ ಬಂದರೆ?

ಹಕ್ಕು ಗಂಡನ ವಿರುದ್ಧವೂ ಇದೆ, ಮಗನ ವಿರುದ್ಧವೂ ಇದೆ. ಕುಡಿದಿದ್ದ, ಬುದ್ಧಿ ಸರಿಯಿರಲಿಲ್ಲ ಅನ್ನುವುದರಿಂದ ನಿಮ್ಮ ಹಕ್ಕು ಕಡಿಮೆಯಾಗುವುದಿಲ್ಲ, 36ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಕತ್ತು ಹಿಸುಕುವುದು ಅಂದರೆ ಜೀವಕ್ಕೇ ಕೈ ಹಾಕಿದ ಹಾಗೆ. ಆ ಕ್ಷಣದಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಹೊಡೆದು ಬಿಡಿಸಿಕೊಳ್ಳಿ.

ಆದರೆ ವರ್ಷಗಟ್ಟಲೆ ಹೊಡೆತ ತಿಂದವಳು ಅವನು ಮಲಗಿದ ಮೇಲೆ ಹೊಡೆದರೆ ನಮ್ಮ ಕಾನೂನು ಅದನ್ನು ಸ್ವರಕ್ಷಣೆ ಅನ್ನುವುದಿಲ್ಲ. ಇದು ನನಗೆ ತುಂಬಾ ನೋವು ಕೊಡುವ ಮಾತು. ಮಲಗಿದಾಗ ಬಿಟ್ಟರೆ ಅವಳಿಗೆ ಬೇರೆ ಹೊತ್ತೇ ಇರಲಿಲ್ಲ ಅಂತ ಎಷ್ಟೋ ಸಲ ಅನ್ನಿಸುತ್ತದೆ. ಆದರೂ ಈಗಿರುವ ಕಾನೂನು ಇದು. ಹಾಗಾಗಿ ಅಲ್ಲಿಯವರೆಗೆ ಹೋಗಲು ಬಿಡಬೇಡಿ. ಅವನು ಮಲಗಿದ ಹೊತ್ತನ್ನು ಮನೆಯಿಂದ ಹೊರಗೆ ಬರಲು ಬಳಸಿ. 181 ಮಹಿಳಾ ಸಹಾಯವಾಣಿ, 112 ತುರ್ತು ನಂಬರ್. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ರಕ್ಷಣಾ ಆದೇಶ ಪಡೆಯಬಹುದು, ಅದೇ ಮನೆಯಲ್ಲಿ ಇರುವ ಹಕ್ಕನ್ನೂ ಕೇಳಬಹುದು. ಪ್ರತಿ ಸಲ ಹೊಡೆದಾಗಲೂ ಆಸ್ಪತ್ರೆಗೆ ಹೋಗಿ, 'ಜಾರಿ ಬಿದ್ದೆ' ಅನ್ನಬೇಡಿ. ಆ ಚೀಟಿಗಳು ಮುಂದೆ ನಿಮ್ಮ ಭಯ ನಿಜವಾದದ್ದು ಅಂತ ಹೇಳುವ ಸಾಕ್ಷಿ.

ಆದ ಮೇಲೆ ಏನು ಮಾಡಬೇಕು?

ಮೊದಲು 112ಕ್ಕೆ ಫೋನು. ನೀವೇ ಮೊದಲು ಮಾಡಿ. ಆಂಬುಲೆನ್ಸ್ ಕೇಳಿ, ನಿಮಗೂ, ಬಿದ್ದವನಿಗೂ. ಅವನಿಗೆ ಉಸಿರಿದ್ದರೆ ರಕ್ತ ನಿಲ್ಲಿಸಲು ಬಟ್ಟೆ ಒತ್ತಿ ಹಿಡಿಯಿರಿ. ಅದು ಮನುಷ್ಯತ್ವ. ನಿಮಗೆ ಕೊಲ್ಲುವ ಮನಸ್ಸಿರಲಿಲ್ಲ ಅಂತಲೂ ಅದರಿಂದ ಗೊತ್ತಾಗುತ್ತದೆ.

ಜಾಗ ತೊಳೆಯಬೇಡಿ. ಕತ್ತಿ ಬಾವಿಗೆ ಎಸೆಯಬೇಡಿ, ಬಟ್ಟೆ ಸುಡಬೇಡಿ. ಹಂಚು ತೆಗೆದಿದ್ದರೆ ಹಾಗೇ ಇರಲಿ, ಮುರಿದ ಚಿಲಕ ಹಾಗೇ ಇರಲಿ. ಅವನ ಆಯುಧ ಎಲ್ಲಿ ಬಿದ್ದಿದೆಯೋ ಅಲ್ಲೇ ಇರಲಿ. ಹೆದರಿ ಓಡಿಹೋಗುವುದು, ಬಚ್ಚಿಡುವುದು, ಕಥೆ ಕಟ್ಟುವುದು, ಇವು ಒಳ್ಳೆಯ ಕೇಸನ್ನೂ ಕೆಡಿಸಿಬಿಡುತ್ತವೆ.

ನಿಮಗಾದ ಗಾಯ ಎಷ್ಟೇ ಸಣ್ಣದಿರಲಿ, ಅದೇ ದಿನ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಉಡುಪಿಯವರಾದರೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಂಗಳೂರಿನವರಾದರೆ ವೆನ್ಲಾಕ್. ಕುತ್ತಿಗೆಯ ಮೇಲಿನ ಉಗುರಿನ ಗೀರು, ತಡೆಯಲು ಹೋದ ಅಂಗೈಯ ಕೊಯ್ತ, ಎಲ್ಲವನ್ನೂ ಡಾಕ್ಟರಿಗೆ ಹೇಳಿ ಬರೆಸಿ. ವೂಂಡ್ ಸರ್ಟಿಫಿಕೇಟ್ ನಿಮ್ಮ ಅತಿ ದೊಡ್ಡ ಆಧಾರ. ಆರೋಪಿಯ ಮೈಮೇಲಿನ ಗಂಭೀರ ಗಾಯ ಹೇಗಾಯಿತು ಅಂತ ಪ್ರಾಸಿಕ್ಯೂಷನ್, ಅಂದರೆ ಕೇಸು ನಡೆಸುವ ಸರಕಾರದ ಕಡೆ, ವಿವರಿಸದೆ ಹೋದರೆ ಅದರ ಇಡೀ ಕಥೆಯ ಮೇಲೆ ಅನುಮಾನ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1976ರ ಲಕ್ಷ್ಮಿ ಸಿಂಗ್ ತೀರ್ಪಿನಲ್ಲಿ ಹೇಳಿದೆ.

ಪೊಲೀಸರಿಗೆ ಮುಖ್ಯ ವಿಷಯ ನಿಜವಾಗಿ, ಚಿಕ್ಕದಾಗಿ ಹೇಳಿ: ಅವನು ಹೀಗೆ ಬಂದ, ನನ್ನ ಮೇಲೆ ಹೀಗೆ ಮಾಡಿದ, ಜೀವ ಉಳಿಸಿಕೊಳ್ಳಲು ಹೊಡೆದೆ. ಉದ್ದದ ಹೇಳಿಕೆ ವಕೀಲರು ಬಂದ ಮೇಲೆ. ಎಷ್ಟು ಏಟು, ಎಷ್ಟು ಹೊತ್ತು, ಎಷ್ಟು ಅಡಿ ದೂರ ಅಂತ ಗಾಬರಿಯಲ್ಲಿ ಅಂದಾಜು ಹೇಳಬೇಡಿ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಾಗಿಲ್ಲ, ವಕೀಲರನ್ನು ಕಾಣುವ ಹಕ್ಕಿದೆ, ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅವನ ಕಡೆಯವರ ದೂರು ಬರುವುದನ್ನು ಕಾಯದೆ ನಿಮ್ಮ ದೂರನ್ನೂ ಕೊಡಿ. ಇಂಥ ಘಟನೆಗಳಲ್ಲಿ ಎರಡೂ ಕಡೆಯಿಂದ ಕೇಸು ಆಗುವುದು ಸಾಮಾನ್ಯ.

ಬಂಧನ ಆದರೆ 'ಕಾನೂನು ನನ್ನ ಕಡೆ ಇದೆ ಅಂದ್ರಲ್ಲ' ಅಂತ ಕುಸಿಯಬೇಡಿ. ಒಂದು ಜೀವ ಹೋದ ಮೇಲೆ ತನಿಖೆ ಆಗಲೇಬೇಕು. ಹಲವು ಸಲ ಕೊಲೆ ಕೇಸು ಅಂತಲೇ ದಾಖಲಾಗುತ್ತದೆ. ಒಂಟಿ ಮನೆಯ ಒಬ್ಬರು ಅಮ್ಮನ ಕೇಸು ಹಾಗೇ ಶುರುವಾಗಿತ್ತು. ಹಂಚು ತೆಗೆದು ಇಳಿದವನು ಅವರ ಕರಿಮಣಿ ಎಳೆದು, ಕುತ್ತಿಗೆ ಒತ್ತಿ ಹಿಡಿದಿದ್ದ. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದು ಕತ್ತಿ. ಒಂದೇ ಏಟು. ಅವರು ಏನನ್ನೂ ಮುಟ್ಟದೆ ಹೊರಗೆ ಜಗಲಿಯಲ್ಲಿ ಕೂತು ಫೋನು ಮಾಡಿದ್ದರು. ನೆಲದ ಮೇಲಿನ ಹಂಚಿನ ಚೂರು, ಹರಿದ ಕರಿಮಣಿ, ಕುತ್ತಿಗೆಯ ಗುರುತಿನ ಬಗ್ಗೆ ಡಾಕ್ಟರ ವರದಿ, ಎಲ್ಲ ಒಂದೇ ಮಾತು ಹೇಳಿದವು. ತನಿಖಾಧಿಕಾರಿ ಬಿ ರಿಪೋರ್ಟ್, ಅಂದರೆ ಕೇಸು ಮುಗಿಸುವ ವರದಿ, ಹಾಕಿದರು, ಕೋರ್ಟ್ ಒಪ್ಪಿತು. ವಿಚಾರಣೆಯೇ ನಡೆಯಲಿಲ್ಲ.

ವಿಚಾರಣೆ ನಡೆದರೆ ಸ್ವರಕ್ಷಣೆ ಅಂತ ತೋರಿಸುವ ಹೊಣೆ ನಿಮ್ಮದೇ. ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. ಹೀಗೇ ಆಗಿರುವ ಸಾಧ್ಯತೆ ಹೆಚ್ಚು ಅಂತ ಕಂಡರೆ ಸಾಕು. ಅದನ್ನು ಪ್ರಾಸಿಕ್ಯೂಷನ್ ಸಾಕ್ಷಿಗಳ ಬಾಯಿಂದಲೇ ಹೊರತೆಗೆಯಲೂಬಹುದು. ಹಕ್ಕಿನ ಒಳಗೆ ಇದ್ದೀರಿ ಅಂತಾದರೆ ಪೂರ್ತಿ ಬಿಡುಗಡೆ. ಒಳ್ಳೆಯ ನಂಬಿಕೆಯಿಂದ, ಮೊದಲೇ ಯೋಚಿಸಿರದೆ, ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವ ಉದ್ದೇಶವಿಲ್ಲದೆ ಹಕ್ಕಿನ ಮಿತಿ ಮೀರಿದ್ದರೆ ಕೊಲೆ ಅಲ್ಲ, 105ನೇ ಸೆಕ್ಷನ್ ಅಡಿ ನರಹತ್ಯೆ. ಅದಕ್ಕೂ ಹತ್ತು ವರ್ಷದವರೆಗೆ, ಕೆಲವು ಸಂದರ್ಭದಲ್ಲಿ ಜೀವಾವಧಿಯವರೆಗೆ ಶಿಕ್ಷೆ ಇದೆ. ಹಕ್ಕೇ ಇರಲಿಲ್ಲ ಅಂತಾದರೆ 103, ಅಂದರೆ ಕೊಲೆ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನೆ ಕೂರಬೇಡಿ. ಉಡುಪಿಯಲ್ಲೂ ಮಂಗಳೂರಿನಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಕೋರ್ಟ್ ಆವರಣದಲ್ಲೇ ಇದೆ. 15100ಕ್ಕೆ ಫೋನು ಮಾಡಿದರೂ ಆಗುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟು ಅಂತ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಬಂಧನವಾದ ದಿನವೇ ಮನೆಯವರು ಅರ್ಜಿ ಕೊಡಬಹುದು.